ಕನ್ನಡಿ ಇದ್ದ ಕ್ಯಾಮೆರಾ, ಕನ್ನಡಿ ಇಲ್ಲದ ಕ್ಯಾಮೆರಾ

ನನ್ನ ಕ್ಯಾಮೆರಾದ ಹೊಟ್ಟೆಯೊಳಗೆ ಒಂದು ಕನ್ನಡಿ ಇದೆ ಎಂಬ ಸಂಗತಿ ನನಗೆ ಗೊತ್ತಾದದ್ದು, ಅಂಥ ಕನ್ನಡಿಗಳ ಕಾಲ ಮುಗಿಯಿತೆಂದು ಜನ ಹೇಳತೊಡಗಿದ ಮೇಲೆ. ವರ್ಷಗಟ್ಟಲೆ ಅದನ್ನು ಕೊರಳಿಗೆ ಹಾಕಿಕೊಂಡು ತಿರುಗಿದ್ದೇನೆ. ಮಳೆಗಾಲದಲ್ಲಿ ಬೂಸಲು ಹಿಡಿಯಬಾರದೆಂದು ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟು ಹೆಂಡತಿಯಿಂದ ಬೈಸಿಕೊಂಡಿದ್ದೇನೆ. ಆದರೆ ಅದರೊಳಗೆ ಏನಿದೆ ಎಂದು ಒಮ್ಮೆಯೂ ಇಣುಕಿ ನೋಡಿರಲಿಲ್ಲ. ನಾನು ಕುಂದಗೋಳ ತಾಲೂಕಿನ ದನದ ಡಾಕ್ಟರು. ಎಮ್ಮೆಯ ಒಡಲಿಗೆ ಭುಜದವರೆಗೆ ಕೈ ಹಾಕಿ, ಒಳಗಿನ ಕರು ಯಾವ ಮಗ್ಗುಲಾಗಿ ಮಲಗಿದೆ ಎಂದು ಹೇಳುವವನು. ಅಂಥವನಿಗೆ ತನ್ನ ಸ್ವಂತ ಕ್ಯಾಮೆರಾದ ಹೊಟ್ಟೆಯ ಸುದ್ದಿಯೇ ಗೊತ್ತಿರಲಿಲ್ಲ ಎಂದರೆ ನೀವು ನಗುತ್ತೀರಿ. ನಗ್ರಿ. ನನಗೆ ಮಾತ್ರ ಅಂದು ನಗು ಬರಲಿಲ್ಲ.

ಈ ಸುದ್ದಿಯನ್ನು ಹೇಳಿದವನು ಹುಬ್ಬಳ್ಳಿಯ ಇಕ್ಬಾಲ್. ಹಳೆಯ ಕ್ಯಾಮೆರಾ ರಿಪೇರಿ ಮಾಡುತ್ತಾನೆ, ಹೊಸದನ್ನು ಮಾರುತ್ತಾನೆ, ನಡುನಡುವೆ ನನ್ನಂಥವರಿಗೆ ಚಹಾ ತರಿಸಿ ಬುದ್ಧಿ ಹೇಳುತ್ತಾನೆ. ನನ್ನ ಕ್ಯಾಮೆರಾದ ಗುಂಡಿಯೊಂದು ಒಳಗೇ ಸಿಕ್ಕಿಕೊಂಡಿತ್ತೆಂದು ಅವನ ಬಳಿ ಒಯ್ದಿದ್ದೆ. ಅವನು ಲೆನ್ಸು ಬಿಚ್ಚಿ, ಬಾಯಿ ತೆರೆಸಿದ ಕರುವನ್ನು ಹಿಡಿದಂತೆ ಹಿಡಿದು, ಒಳಗೆ ಬೆರಳು ತೋರಿಸಿದ.

“ಇಲ್ನೋಡ್ರಿ ಡಾಕ್ಟರ್ ಸಾಬ್, ಇದ ಕನ್ನಡಿ. ಇದು ಮ್ಯಾಲೆ ಹಾರಿ ಕೆಳಗ ಬೀಳ್ತೈತಲ್ಲ, ಅದಕ್ಕ ನಿಮ್ಮ ಖಟಕ್ ಅನ್ನೂ ಸಪ್ಪಳ. ಈಗ ಕನ್ನಡಿ ಇಲ್ಲದವು ಬಂದಾವ್ರಿ. ಮಿರರ್‌ಲೆಸ್. ಹಗರ, ಸಣ್ಣು, ಸಪ್ಪಳ ಇಲ್ಲ. ಇನ್ನ ಇದರ ಕಥಿ ಮುಗೀತ್ರಿ.”

ಕಥಿ ಮುಗೀತು! ಇದೇ ಧಾಟಿಯಲ್ಲಿ ನಾನು ಎಷ್ಟೋ ಜನರಿಗೆ ಅವರ ಮುದಿ ಎತ್ತಿನ ಬಗ್ಗೆ ಹೇಳಿದ್ದೇನೆ. ಕೇಳಿಸಿಕೊಳ್ಳುವವರಿಗೆ ಹೇಗಾಗುತ್ತದೆ ಎಂಬುದು ನನಗೆ ಅಂದೇ ತಿಳಿದದ್ದು.

ಇಕ್ಬಾಲ್ ಅಷ್ಟಕ್ಕೇ ಬಿಡಲಿಲ್ಲ. ಫೋಟೋ ಹೊಡೆಯುವ ಗಳಿಗೆಯಲ್ಲಿ ಈ ಕನ್ನಡಿ ಮೇಲೆ ಹೋಗುವುದರಿಂದ, ಕಣ್ಣು ಹಚ್ಚಿ ನಿಂತವನಿಗೆ ಆ ಗಳಿಗೆಯಲ್ಲಿ ಏನೂ ಕಾಣುವುದಿಲ್ಲ ಎಂದೂ ಹೇಳಿಬಿಟ್ಟ. ಇದು ತಡೆದುಕೊಳ್ಳುವ ಮಾತೇ? ಅಂದರೆ ನಾನು ತೆಗೆದ ಅಷ್ಟೂ ಫೋಟೋಗಳಲ್ಲಿರುವ ಆ ಒಂದು ಚಣವನ್ನು ಎಲ್ಲರೂ ನೋಡಿದ್ದಾರೆ, ನಾನೊಬ್ಬ ನೋಡಿಲ್ಲ! ಮದುವೆಯಲ್ಲಿ ನನ್ನ ತಂಗಿಯ ತಲೆಯ ಮೇಲೆ ಅಕ್ಕಿಕಾಳು ಬಿದ್ದದ್ದನ್ನು ಕಣ್ಣಾರೆ ಕಂಡೆನೆಂದು ನಾನು ಈವರೆಗೆ ತಿಳಿದಿದ್ದೆ. ಕಂಡದ್ದು ಕತ್ತಲೆ.

“ಹಂಗಾರ ಹೊಸಾದ್ರಾಗ ಕಾಣಸ್ತೈತೇನು?” ಎಂದೆ.

“ಕಾಣಸ್ತೈತ್ರಿ. ಆದ್ರ ಅದೂ ಖರೇ ಅಲ್ಲ. ಒಳಗ ಒಂದು ಸಣ್ಣ ಟಿವಿ ಇರ್ತೈತಿ, ಅದರಾಗ ತೋರಸ್ತೈತಿ.”

ಎದುರಿಗೆ ಗೇಣು ದೂರದಲ್ಲಿ ಕುಳಿತ ಮನುಷ್ಯನನ್ನು ಟಿವಿಯಲ್ಲಿ ನೋಡುವುದು! ಒಂದರಲ್ಲಿ ಬೇಕಾದ ಹೊತ್ತಿಗೆ ಕುರುಡು, ಇನ್ನೊಂದರಲ್ಲಿ ಹೊತ್ತಿಲ್ಲದ ಹೊತ್ತಿನಲ್ಲೂ ಟಿವಿ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಹಾಗಾಯಿತು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುವಾಗ, ನಡುದಾರಿಯ ಶೆರೇವಾಡದ ತನಕ ಇದನ್ನೇ ತಲೆಯಲ್ಲಿ ಹೊರಳಿಸಿದೆ.

ಶೆರೇವಾಡ ದಾಟಿದ ಮೇಲೆ ನನ್ನ ವಿದ್ಯೆ ನನ್ನ ನೆರವಿಗೆ ಬಂತು. ಓದಿದ ವಿದ್ಯೆ ಹೀಗೆ ಬಸ್ಸಿನಲ್ಲೇ ನೆರವಿಗೆ ಬರುವುದು, ಪರೀಕ್ಷೆಯಲ್ಲಿ ಬರುವುದಿಲ್ಲ. ದನದ ಕಣ್ಣೊಳಗೆ, ಹಿಂದಿನ ಗೋಡೆಗೆ, ನಿಜವಾಗಿಯೂ ಒಂದು ಕನ್ನಡಿಯಿದೆ. ಕತ್ತಲಲ್ಲಿ ಬ್ಯಾಟರಿ ಬಿಟ್ಟರೆ ಆಕಳ ಕಣ್ಣು ಹಸಿರಾಗಿ ಹೊಳೆಯುವುದು ಅದಕ್ಕೇ. ಕುರಿಗೂ ಇದೆ, ನಾಯಿಗೂ ಇದೆ, ಬೆಕ್ಕಿಗೂ ಇದೆ. ಮನುಷ್ಯನ ಕಣ್ಣಲ್ಲಿ ಇಲ್ಲ. ನಾವು ಹುಟ್ಟಾ ಮಿರರ್‌ಲೆಸ್! ಇದು ನೆನಪಾಗಿ ಸ್ವಲ್ಪ ಹೆಮ್ಮೆಯೂ ಆಯಿತು. ಅದರ ಬೆನ್ನಿಗೇ, ಹಂದಿಯ ಕಣ್ಣಲ್ಲೂ ಇಲ್ಲ ಎಂಬ ಪಾಠದ ಸಾಲು ನೆನಪಾಯಿತು. ಮನೆಗೆ ಬಂದು ಹೆಂಡತಿಗೆ ಈ ಜ್ಞಾನವನ್ನು ಹಂಚಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಇದನ್ನ ತಿಳ್ಕೊಳ್ಳಾಕ ನೀವು ಅಷ್ಟ ವರ್ಷ ಓದಿದ್ರೇನು?” ಎಂದಳು.

ನಾನು ಈ ದರಿ-ಪುಲಿಗಳ ನಡುವೆಯೇ ಹಾಯಾಗಿ ಕಾಲ ಕಳೆಯುತ್ತಿದ್ದೆನೇನೋ. ಎರಡು ವಸ್ತುಗಳಲ್ಲಿ ಒಂದನ್ನು ಆರಿಸುವ ಸುಖ ಆರಿಸುವ ತನಕ ಮಾತ್ರ. ಆದರೆ ಒಂದು ಸಂಜೆ ನೀಲಕ್ಕ ಬಂದಳು.

ನೀಲಕ್ಕ ನಮ್ಮ ಓಣಿಯ ರುದ್ರಯ್ಯ ಮಾಸ್ತರರ ಮಗಳು. ಸಾಲಿಯಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತಾಳೆ, ಮನೆಯಲ್ಲಿ ಅಪ್ಪನ ಹತ್ತಿರ ಹಾಡು ಕಲಿಯುತ್ತಾಳೆ. ಮಾಸ್ತರರು ಹಿಂದೂಸ್ತಾನಿ ಹಾಡುವವರು. ಹೊರಗಿನ ಊರಿನವರಿಗೆ ಅವರ ಹೆಸರು ಅಷ್ಟಾಗಿ ಗೊತ್ತಿಲ್ಲ. ಕುಂದಗೋಳದಲ್ಲಿ ಅವರ ಬಾಗಿಲ ಮುಂದೆ ಹಾಯುವಾಗ ಟ್ರ್ಯಾಕ್ಟರಿನವರೂ ಹಾರ್ನು ಹೊಡೆಯುವುದಿಲ್ಲ. ಅವರು ಹಾಡುವಾಗ ಫೋಟೋ ತೆಗೆಯುವ ಹಾಗಿಲ್ಲ. ಹಿಂದೊಮ್ಮೆ ಯಾರೋ ಆಲಾಪದ ನಡುವೆ ಖಟಕ್ ಖಟಕ್ ಎನ್ನಿಸಿದ್ದಕ್ಕೆ ಅವರು ತಂಬೂರಿಯನ್ನು ಕೆಳಗಿಟ್ಟು, “ನಿಂದು ಮುಗೀಲಿ ತಮ್ಮಾ, ಆಮ್ಯಾಲೆ ನಂದು,” ಎಂದು ಎಲೆ-ಅಡಿಕೆ ತಗೊಂಡು ಕುಳಿತರಂತೆ. ಅಂದಿನಿಂದ ಅವರ ಹಾಡಿನ ಬೈಠಕ್ಕಿಗೆ ಹೋಗುವವರು ಹೊಸ್ತಿಲಲ್ಲಿ ಒಂದು ರೊಟ್ಟಿ ಬುಟ್ಟಿಯೊಳಗೆ ಮೊಬೈಲು ಹಾಕಿ ಒಳಗೆ ಹೋಗಬೇಕು. ಇದು ನಮ್ಮೂರ ಪದ್ಧತಿ. ಬುಟ್ಟಿಯೊಳಗೆ ಅವು ಗುರ್ ಗುರ್ ಎನ್ನುತ್ತ ಮಲಗಿರುತ್ತವೆ.

“ಡಾಕ್ಟರಣ್ಣಾ, ಅಪ್ಪ ಈ ಸಲ ಹಾಡಿ ತಂಬೂರಿಗೆ ಗವಸಣಿಗಿ ಹಾಕ್ತಾನಂತ,” ಎಂದಳು ನೀಲಕ್ಕ.

ನಾನು ಹೌಹಾರಿದೆ. “ಯಾಕ? ಆರಾಮ ಇಲ್ಲೇನು?”

“ಆರಾಮದಾನ. ಮ್ಯಾಲಿನ ಷಡ್ಜ ಕರೆದ್ರ ಬರವಲ್ದು, ಬಾಗಲದಾಗ ನಿಂತು ಕಾಯಸ್ತೈತಿ ಅಂತಾನ. ಅದು ಕಾಯಸೂದನ್ನ ನಾಕ ಮಂದಿ ಕೇಳೂದು ಬ್ಯಾಡಂತ. ಇದೊಂದ ಬೈಠಕ್. ಆಮ್ಯಾಲಿಲ್ಲ.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. “ನಮ್ಮ ಪಡಸಾಲಿ ಗ್ವಾಡಿ ನೋಡೀರಲ್ಲ. ಬರೇ ಶಾಲು ಹೊಚ್ಚಿಸಿಕೊಂಡ ಫೋಟೋ. ಹೊಸಬರು ನೋಡಿದ್ರ ಅಪ್ಪ ಶಾಲಿನ ವ್ಯಾಪಾರಿ ಅನ್ಬೇಕು. ಅಂವಾ ಹಾಡೂದು ಒಂದ ಒಂದು ಫೋಟೋ ಇಲ್ಲ. ಒಂದ ಬೇಕು ನನಗ.”

ಅವಳು ಎಂದೂ ಯಾರನ್ನೂ ಏನೂ ಕೇಳುವವಳಲ್ಲ. ಸಪ್ಪಳ ಮಾಡದ ಕ್ಯಾಮೆರಾ ಬಂದಿವೆಯಂತೆ ಎಂದು ಅವಳಿಗೆ ಯಾರು ಹೇಳಿದರೋ, ಅಪ್ಪನ ಒಪ್ಪಿಗೆಯನ್ನೂ ತಂದೇಬಿಟ್ಟಿದ್ದಳು. ಮಾಸ್ತರರು, “ಸಪ್ಪಳ ಇಲ್ಲಂದ್ರ ಅದು ಕ್ಯಾಮೆರಾ ಅಲ್ಲ, ಕಳ್ಳ,” ಎಂದರಂತೆ. ಆಮೇಲೆ, “ಇರ್ಲಿ. ಆದ್ರ ಸಪ್ಪಳ ನನ್ನ ಕಿವಿಗೆ ಬಿತ್ತಂದ್ರ ಹಾಡು ಅಲ್ಲೇ ನಿಂತಂಗ,” ಎಂದರಂತೆ.

ನೋಡಿದಿರಾ, ಅಲ್ಲಿಯ ತನಕ ನನ್ನ ಚಟವಾಗಿದ್ದ ಪ್ರಶ್ನೆ ಈಗ ಮತ್ತೊಬ್ಬರ ಮನೆಯ ಪ್ರಶ್ನೆಯಾಯಿತು. ಫೋಟೋ ಬರದಿದ್ದರೆ ನೀಲಕ್ಕನಿಗೆ ಮತ್ತೆ ಸಿಗುವುದಿಲ್ಲ. ಸಪ್ಪಳವಾದರೆ ಮಾಸ್ತರರ ಕೊನೆಯ ಹಾಡು ಅರ್ಧಕ್ಕೆ ನಿಲ್ಲುತ್ತದೆ, ಊರು ನನ್ನನ್ನು ಎತ್ತಿನ ಡಾಕ್ಟರೆಂದು ಅಲ್ಲ, ಎತ್ತೆಂದೇ ಕರೆಯುತ್ತದೆ. ನನ್ನ ಹೆಂಡತಿಯಂತೂ, “ಕೋಣನ ಮುಂದ ಕಿನ್ನರಿ ಬಾರಿಸಿದ್ರ ಅಂತ ಕೇಳಿದ್ದೆ, ಕಿನ್ನರಿ ಮುಂದ ಕೋಣನ್ನ ಕುಂಡ್ರಸಾಕತ್ತಾರ,” ಎಂದು ನೀಲಕ್ಕನ ಎದುರಿಗೇ ಅಂದಳು. ನನಗೆ ತಾಳದ ಗಂಧವಿಲ್ಲ, ಹೌದು. ಅದನ್ನು ಹೀಗೆ ಹೊರಗಿನವರ ಮುಂದೆ ಹೇಳಬೇಕಾಗಿರಲಿಲ್ಲ.

ಇಕ್ಬಾಲ್ ದೊಡ್ಡ ಮನಸ್ಸು ಮಾಡಿ ಹೊಸ ಕ್ಯಾಮೆರಾವನ್ನು ಬಳಸಿ ನೋಡಲು ಕೊಟ್ಟ. ಅಂಗೈ ಅಗಲದ್ದು. ಕೈಗಿಟ್ಟಾಗ, ಒಳಗೆ ಸಾಮಾನು ಹಾಕುವುದನ್ನೇ ಮರೆತಿದ್ದಾರೇನೋ ಎನ್ನಿಸಿತು. ಮರುದಿನವೇ ಪರೀಕ್ಷೆಗೆ ಒಂದು ಅವಕಾಶ ಸಿಕ್ಕಿತು. ನಮ್ಮ ಕೆಲಸದಲ್ಲಿ, ವಿಮೆ ಮಾಡಿಸುವ ಎಮ್ಮೆಯ ಕಿವಿಗೆ ಬಿಲ್ಲೆ ಹೊಡೆದು, ಯಜಮಾನನನ್ನು ಬದಿಗೆ ನಿಲ್ಲಿಸಿ ಫೋಟೋ ತೆಗೆಯಬೇಕಾಗುತ್ತದೆ. ಪಕ್ಕದ ಹಳ್ಳಿಯ ಫಕೀರಪ್ಪ ಎಮ್ಮೆಯ ಕೊರಳ ಮೇಲೆ ಕೈ ಇಟ್ಟು, ಉಸಿರು ಬಿಗಿಹಿಡಿದು, ಎದೆ ಉಬ್ಬಿಸಿ ನಿಂತ. ನಾನು ತೆಗೆದೆ. ಮತ್ತೆ ತೆಗೆದೆ. ಕೆಲಸ ಮುಗಿದು ಕ್ಯಾಮೆರಾ ಇಳಿಸಿದೆ. ಫಕೀರಪ್ಪ ಇನ್ನೂ ಹಾಗೆಯೇ ನಿಂತಿದ್ದಾನೆ, ಮುಖ ಕೆಂಪೇರುತ್ತಿದೆ!

“ಆತೋ ಮಾರಾಯಾ, ಉಸರಾಡು!” ಎಂದು ನಾನು ಗಾಬರಿಯಿಂದ ಕೂಗಿದೆ.

ಅವನು ಭುಸ್ಸೆಂದು ಗಾಳಿ ಬಿಟ್ಟು, “ಆತ? ಯಾವಾಗ ಆತ್ರೀ? ಅದು ಏನೂ ಅನ್ನಲಿಲ್ಲಲ್ರಿ!” ಎಂದ. ಫೋಟೋ ತೋರಿಸಿದರೂ ನಂಬಿಕೆ ಬರಲಿಲ್ಲ. ಕೊನೆಗೆ ಹಳೆಯ ಕ್ಯಾಮೆರಾವನ್ನು ಚೀಲದಿಂದ ತೆಗೆದು ಒಮ್ಮೆ ಖಟಕ್ ಎನ್ನಿಸಿದ ಮೇಲೆಯೇ ಅವನೂ ಎಮ್ಮೆಯೂ ಜಾಗ ಬಿಟ್ಟು ಕದಲಿದ್ದು. ನನಗೆ ಮಾತ್ರ ಈ ಮೂಕ ಯಂತ್ರದ ಮೇಲೆ ಪೂರ್ತಿ ಭರವಸೆ ಬಂತು.

ಬೈಠಕ್ಕಿನ ಬೆಳಿಗ್ಗೆ ಮೋಡ ಕವಿದಿತ್ತು. ಮಾಸ್ತರರ ವಾಡೆಯ ಪಡಸಾಲೆ ಹಗಲಿನಲ್ಲೂ ನಸುಗತ್ತಲಿನದು, ಅದಕ್ಕೆಂದೇ ಯಾರೋ ಭಕ್ತರು ತೊಲೆಗೆ ಎಲ್‌ಇಡಿ ದೀಪಗಳ ಸಾಲು ಕಟ್ಟಿಸಿಕೊಟ್ಟಿದ್ದರು. ಜಮಖಾನೆಯ ತುಂಬ ಜನ. ಮಾಸ್ತರರು ಬಿಳಿ ಅಂಗಿ, ಹಣೆಗೆ ವಿಭೂತಿ, ಯಾವ ಶಾಲೂ ಇಲ್ಲದೆ ಕುಳಿತಿದ್ದರು. ಬೆನ್ನಿಗೆ ನೀಲಕ್ಕ, ತಂಬೂರಿ ಹಿಡಿದು. ನಾನು ಎದುರಿನ ಕಂಬಕ್ಕೆ ಒರಗಿ ಕುಳಿತೆ. ಹಳೆಯ ಕ್ಯಾಮೆರಾದ ಚೀಲ ಅಭ್ಯಾಸಬಲದಿಂದ ಹೆಗಲಲ್ಲೇ ಬಂದುಬಿಟ್ಟಿತ್ತು, ತೊಡೆಯ ಕೆಳಗೆ ಸರಿಸಿಕೊಂಡೆ. ಮಾಸ್ತರರು ತೋಡಿ ರಾಗ ಎತ್ತಿಕೊಂಡರು.

ಏನು ಹೇಳಲಿ! ಒಂದು ಸ್ವರವನ್ನು ಅವರು ಮುಟ್ಟಿ, ಬಿಟ್ಟು, ಮತ್ತೆ ಬಂದು ಮುಟ್ಟುತ್ತಿದ್ದರೆ ನನ್ನಂಥ ಕೋಣನೂ ತಲೆದೂಗಿದ. ಬೆರಳು ಮಾತ್ರ ಒತ್ತುತ್ತಲೇ ಇತ್ತು. ಸದ್ದಿಲ್ಲ, ಸುಳಿವಿಲ್ಲ. ಬಾಯಿ ತೆರೆದಾಗ ಒಂದು, ಕೈ ಎತ್ತಿದಾಗ ಒಂದು, ಕಣ್ಣು ಮುಚ್ಚಿದಾಗ ಒಂದು. ಸಪ್ಪಳವಿಲ್ಲ ಎಂದ ಮೇಲೆ ಮನುಷ್ಯನಿಗೆ ಲಂಗುಲಗಾಮು ಇರುವುದಿಲ್ಲ. ಕೇಳುವುದನ್ನು ಬಿಟ್ಟು ಬರಿಯ ತೆಗೆಯುವುದೇ ಆಯಿತು. ನಿಧಾನಗತಿಯ ಬಡಾ ಖ್ಯಾಲು ಮುಗಿಯುತ್ತ ಬಂದಾಗ, ಹೇಗೆ ಬಂದಿವೆ ನೋಡೋಣವೆಂದು ಹಿಂದಿನ ಪರದೆಯ ಮೇಲೆ ತೆರೆದೆ.

ಅಯ್ಯೋ ಶಿವನೇ! ಮಾಸ್ತರರ ಮುಖದ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆ. ಬಿಳಿ ಅಂಗಿಯ ಮೇಲೆ ಪಟ್ಟೆ. ತಬಲಾದ ಮೇಲೆ, ಹಿಂದಿನ ಗೋಡೆಯ ಮೇಲೆ, ಗೋಡೆಯ ಶಾಲಿನ ಫೋಟೋಗಳ ಮೇಲೆ ಪಟ್ಟೆ. ಇಡೀ ಪಡಸಾಲೆಗೆ ಯಾರೋ ಮೂರು ಬೆರಳಿನಿಂದ ಕರಿಯ ವಿಭೂತಿ ಬಳಿದಂತಿತ್ತು. ಹಿಂದಿನದನ್ನು ನೋಡಿದೆ, ಅದರ ಹಿಂದಿನದನ್ನು ನೋಡಿದೆ. ಒಂದೂ ಉಳಿದಿಲ್ಲ. ನಮ್ಮ ಕಣ್ಣಿಗೆ ಸ್ಥಿರವಾಗಿ ಕಾಣುವ ಆ ದೀಪಗಳು ಒಳಗೊಳಗೇ ಮಿಣುಕುತ್ತಿರುತ್ತವೆಯಂತೆ, ಸದ್ದಿಲ್ಲದೆ ತೆಗೆಯುವಾಗ ಆ ಮಿಣುಕೆಲ್ಲ ಪಟ್ಟೆಯಾಗಿ ಬೀಳುತ್ತದಂತೆ. ಇದನ್ನು ಆಮೇಲೆ ಇಕ್ಬಾಲನೇ ಹೇಳಿದ. ಆ ಕ್ಯಾಮೆರಾಕ್ಕೂ ಸಪ್ಪಳದ ಶಟರು ಇದೆ, ಮೆನುವಿನಲ್ಲಿ ಬದಲಿಸಬಹುದಿತ್ತು ಎಂದೂ ಹೇಳಿದ. ಆಮೇಲೆ ಎಲ್ಲರೂ ಎಲ್ಲವನ್ನೂ ಹೇಳುತ್ತಾರೆ. ಆಗ ನಾನು ಕಂಬಕ್ಕೆ ಒರಗಿ ಪಟ್ಟೆ ಎಣಿಸುತ್ತಿದ್ದೆ.

ತಲೆ ಎತ್ತಿದರೆ ನೀಲಕ್ಕ ನನ್ನನ್ನೇ ನೋಡುತ್ತಿದ್ದಾಳೆ. ಸಿಕ್ಕಿತೇ ಎಂದು ಹುಬ್ಬಿನಲ್ಲೇ ಕೇಳಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳ ಮುಖ ಬಿಳಿಚಿಕೊಂಡಿತು, ಬೆರಳು ಮಾತ್ರ ತಂಬೂರಿಯ ತಂತಿಯ ಮೇಲೆ ನಿಲ್ಲಲಿಲ್ಲ. ಮಾಸ್ತರರು ಅಷ್ಟರಲ್ಲಿ ಚುರುಕಿನ ಛೋಟಾ ಖ್ಯಾಲಿಗೆ ಬಂದಿದ್ದರು, ತೀನತಾಳ ಓಡತೊಡಗಿತ್ತು. ಇದು ಮುಗಿದರೆ ಮುಗಿಯಿತು. ನಾನು ಮೆಲ್ಲಗೆ ಚೀಲದ ಜಿಪ್ಪು ಎಳೆದು ಹಳೆಯದನ್ನು ಹೊರಗೆ ತೆಗೆದು ಅವಳಿಗೆ ತೋರಿಸಿದೆ. ಅದರ ಸಪ್ಪಳ ಅವಳಿಗೂ ಗೊತ್ತು. ಅಪ್ಪನ ಹಾಡೋ, ಹಾಡುವ ಅಪ್ಪನೋ? ಆರಿಸುವ ಕೆಲಸ ನನ್ನ ಕೈ ತಪ್ಪಿ ಅವಳ ಕೈಗೆ ಹೋಗಿತ್ತು. ಅವಳು ಅಪ್ಪನ ಬೆನ್ನನ್ನು ಒಮ್ಮೆ ನೋಡಿದಳು. ಆಮೇಲೆ ಹೂಂ ಎಂದು ಗೋಣು ಹಾಕಿದಳು.

ನಾನು ಒತ್ತಿದೆ. ಖಟಕ್!

ಆ ಸಪ್ಪಳ ಅಷ್ಟು ದೊಡ್ಡದೆಂದು ನನಗೆ ಕನಸಿನಲ್ಲೂ ಗೊತ್ತಿರಲಿಲ್ಲ. ತಬಲಾದವನ ಕೈ ಗಾಳಿಯಲ್ಲೇ ನಿಂತಿತು. ಜಮಖಾನೆಯ ಮೇಲಿದ್ದ ಅಷ್ಟೂ ತಲೆಗಳು ನನ್ನ ಕಡೆ ತಿರುಗಿದವು, ಹಿರಿಯರೊಬ್ಬರು ತಲೆ ಮೇಲೆ ಕೈ ಇಟ್ಟುಕೊಂಡರು. ಮಾಸ್ತರರು ಹಾಡು ನಿಲ್ಲಿಸಿದರು. ಕಣ್ಣು ತೆರೆದರು. ಬುಟ್ಟಿಯೊಳಗಿನ ಮೊಬೈಲುಗಳೂ ಆಗ ಸುಮ್ಮನಿದ್ದವು. ಭೂಮಿ ಬಾಯಿ ಬಿಡಬಾರದೇ ಎಂದು ಜನ ಯಾಕೆ ಅನ್ನುತ್ತಾರೆಂದು ನನಗೆ ಅರ್ಥವಾಯಿತು.

“ಇದು ಯಾವ ಊರ ತಾಳರೀ ಡಾಕ್ಟ್ರ?” ಎಂದರು ಮಾಸ್ತರರು.

ಯಾರೋ ಕಿಸಕ್ಕೆಂದರು. ನಾನು ಕೈ ಮುಗಿದೆ. “ತಪ್ಪಾತ್ರಿ ಮಾಸ್ತರ…”

“ತಪ್ಪು ಹೊಡದದ್ದಕ್ಕಲ್ಲ, ಎಲ್ಲೆ ಬೇಕಲ್ಲೆ ಹೊಡದದ್ದಕ್ಕ. ಹೊಡಿಯೂದಾದ್ರ ಸಮ್‌ಕ ಹೊಡೀಬೇಕು.”

ತಾಳದ ಒಂದು ಸುತ್ತು ಮುಗಿದು ಮತ್ತೊಂದು ಶುರುವಾಗುವ ಪೆಟ್ಟಿಗೆ ಸಮ್ ಎನ್ನುತ್ತಾರೆ. ಹಾಡುವವರು, ತಬಲಾದವರು, ಕೇಳುವವರು, ಎಲ್ಲ ಹಾದಿಗಳೂ ಬಂದು ಕೂಡುವ ಜಾಗ. ನಮ್ಮೂರಿನ ಕೂಸುಗಳಿಗೂ ಅದು ಗೊತ್ತಾಗುತ್ತದೆ. ನನಗೆ ಆಗುವುದಿಲ್ಲ. ಅದನ್ನೇ ಹೇಳಿದೆ. “ನನಗ ಸಮ್ ತಿಳಿಯೂದಿಲ್ರಿ ಮಾಸ್ತರ.”

ಅವರು ಸಿಟ್ಟಾಗಬೇಕಿತ್ತು. ಎಲೆ-ಅಡಿಕೆಯ ತಟ್ಟೆ ಬದಿಯಲ್ಲೇ ಇತ್ತು, ಎಳೆದುಕೊಂಡು ಕೂಡಬೇಕಿತ್ತು. ಅದನ್ನು ಬಿಟ್ಟು ಅವರು ಬಲಗೈಯನ್ನು ನನ್ನತ್ತ ಚಾಚಿ, “ತಿಳೀಲಿಲ್ಲಂದ್ರ ಏನಾತು, ನಾ ಕರಕೊಂಡ ಹೊಂಟೇನಿ. ಬರ್ರಿ,” ಎಂದು ತಬಲಾದವನಿಗೆ ಕಣ್ಸನ್ನೆ ಮಾಡಿ, ಹಾಡು ನಿಂತಲ್ಲಿಂದಲೇ ಎತ್ತಿಕೊಂಡುಬಿಟ್ಟರು.

ಆಶ್ಚರ್ಯವೇ ಭಯವೇ ನನಗೆ ಈಗಲೂ ತಿಳಿಯದು. ಊರ ತುಂಬ ಹೆಸರಾದ ಹಾಡುಗಾರ, ತನ್ನ ಕೊನೆಯ ಬೈಠಕ್ಕಿನಲ್ಲಿ, ಒಬ್ಬ ದನದ ಡಾಕ್ಟರನ ಕೈ ಹಿಡಿದು ನಡೆಸುತ್ತಿದ್ದಾರೆ! ಒಂದು ಸುತ್ತು ಬಂದರು. ನಾನು ಅವಸರಕ್ಕೆ ಮೊದಲೇ ಒತ್ತಿದೆ. ಇಡೀ ಪಡಸಾಲೆ “ಚ್!” ಎಂದಿತು. ಮತ್ತೊಂದು ಸುತ್ತು. ಹೆದರಿ ತಡ ಮಾಡಿದೆ. ತಬಲಾದವನು ನಗು ತಡೆಯಲಾರದೆ ತಲೆ ತಗ್ಗಿಸಿದ. ಆಗ ನಾನು ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ್ದರೂ ಅದರೊಳಗೆ ನೋಡುವ ಧ್ಯಾನ ಬಿಟ್ಟು, ಮೊದಲ ಸಲ, ಕೇಳಿದೆ. ಮಾಸ್ತರರು ಮೇಲಿನಿಂದ ಸ್ವರಗಳನ್ನು ಉದುರಿಸುತ್ತ ಇಳಿದು ಬಂದರು. ಎದುರಿಗಿದ್ದ ತಲೆಗಳೆಲ್ಲ ಒಟ್ಟಿಗೆ ಬಾಗತೊಡಗಿದವು, ತೊಡೆಯ ಮೇಲೆ ಕೈಗಳು ಎದ್ದವು, ಮಾಸ್ತರರ ಕೈ ನನ್ನ ಕಡೆಗೇ ಬಂತು, ಬಾ, ಬಾ, ಬಾ, ಇಲ್ಲಿ…

ಖಟಕ್.

ಧಾ ಎಂದ ತಬಲಾಕ್ಕೂ ನನ್ನ ಖಟಕ್ಕಿಗೂ ನಡುವೆ ಕೂದಲು ತೂರುವಷ್ಟೂ ಸಂದು ಇರಲಿಲ್ಲ. “ವಾಹ್! ವಾಹ್ ಡಾಕ್ಟ್ರ!” ಎಂದು ಪಡಸಾಲೆ ಎದ್ದಿತು. ನನ್ನ ಜೀವಮಾನದಲ್ಲಿ ಯಾರೂ ನನಗೆ ವಾಹ್ ಎಂದಿರಲಿಲ್ಲ, ಎಮ್ಮೆಯಂತೂ ಎನ್ನುವುದಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಬಂದರೆ ಬಂತು. ಮಾಸ್ತರರು ನಗುತ್ತ ಮುಂದಕ್ಕೆ ಹೋದರು, ಹಾಡು ಮುಗಿಯಿತು, ತಂಬೂರಿಯನ್ನು ಮುಟ್ಟಿ ನಮಸ್ಕರಿಸಿ, ಅದು ಇದ್ದ ಮಗಳ ಕೈಯಲ್ಲೇ ಬಿಟ್ಟು, “ಇನ್ನ ನಿಂದು,” ಎಂದಷ್ಟೇ ಅಂದರು.

ಜನ ಶಿರಾ-ಉಪ್ಪಿಟ್ಟಿನ ಕಡೆ ಹೋದ ಮೇಲೆ ನೀಲಕ್ಕ ಓಡಿಬಂದಳು. ನಾನು ಯುದ್ಧ ಗೆದ್ದವನಂತೆ ಪರದೆ ತೆರೆದು ತೋರಿಸಿದೆ. ಗಾಬರಿಯಲ್ಲಿ ಮೊದಲು ಹೊಡೆದ ಮೂರೂ ಅಲುಗಿ ಮಸುಕಾಗಿದ್ದವು, ಇದರಲ್ಲಿ ಪಟ್ಟೆ ಇಲ್ಲ, ಮಸುಕಿಲ್ಲ. ಮುಖದ ಒಂದೊಂದು ಗೆರೆಯೂ ಬಂದಿದೆ. ಅವಳು ನೋಡಿದಳು. ನೋಡುತ್ತಲೇ ನಿಂತಳು.

“ಬಾಯಿ ಮುಚ್ಚೈತಲ್ಲ ಅಣ್ಣಾ,” ಎಂದಳು.

ನಾನು ಕಸಿದುಕೊಂಡು ನೋಡಿದೆ. ಖರೇ! ಫೋಟೋದಲ್ಲಿ ಮಾಸ್ತರರು ಹಾಡುತ್ತಿಲ್ಲ. ತುಟಿ ಕೂಡಿದೆ, ಕೈ ಮುಂದೆ ಚಾಚಿದೆ, ತಲೆ ಒಂದಿಷ್ಟು ವಾಲಿದೆ. ಈ ಒಂದು ಚಣಕ್ಕಾಗಿ ಊರ ಮುಂದೆ ಮಾನ ಕಳೆದುಕೊಂಡವನು ನಾನು, ಆ ಚಣದಲ್ಲೇ ಕನ್ನಡಿ ಮೇಲೆ ಹೋಗಿತ್ತು, ನನಗೆ ಏನು ಕಂಡೀತು! ಮಾಸ್ತರರು ಬಂದು ಇಣುಕಿದರು.

“ಹೌದಲ್ರಿ ಮತ್ತ. ಸಮ್ ನಿಮಗ ಬಿಟ್ಟಿದ್ದೆ. ನಾನೂ ಅಲ್ಲೇ ಹಾಡಿದ್ರ ನಿಮ್ಮ ಸಪ್ಪಳಕ್ಕ ಜಾಗಾ ಎಲ್ಲಿರ್ತಿತ್ತು? ಆ ಹೊತ್ತಿನಾಗ ನಾ ನಿಮ್ಮನ್ನ ಕೇಳಾಕತ್ತಿದ್ದೆ,” ಎಂದು ಹೇಳಿ ಉಪ್ಪಿಟ್ಟಿಗೆ ಹೋದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಾಡುವವರ ಫೋಟೋ ಬೇಕೆಂದು ಹೊರಟವನು ಕೇಳುವವರ ಫೋಟೋ ತಂದಿದ್ದೆ. ನೀಲಕ್ಕನ ಮುಖ ನೋಡುವ ಧೈರ್ಯವಾಗದೆ, “ಸಿಗಲಿಲ್ಲ ತಂಗಿ,” ಎಂದೆ.

ಅವಳು ಕ್ಯಾಮೆರಾವನ್ನು ಹಿಂದಕ್ಕೆ ಕೊಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಕಂಬದ ಬದಿಗೆ ಕುಳಿತುಬಿಟ್ಟಳು. “ಸಣ್ಣಾಕಿ ಇದ್ದಾಗಿಂದ ಅಪ್ಪನ ಮುಂದ ಕಣ್ಣ ಮುಚ್ಚಿ ಹಾಡೇನಿ ಅಣ್ಣಾ. ಮುಚ್ಚಬೇಕು, ಇಲ್ಲಂದ್ರ ಬೈತಾನ. ಹಾಡು ಮುಗದು ಕಣ್ಣ ತಗದಾಗ ಯಾವಾಗೂ ಗಂಟ ಹಾಕಿದ ಮಾರೀನೇ. ನಾ ಹಾಡೂಮುಂದ ಅಂವಾ ಹೆಂಗ ಕುಂತಿರ್ತಾನಂತ ನನಗ ಗೊತ್ತ ಇರಲಿಲ್ಲ.” ಪರದೆಯ ಮೇಲೆ ಬೆರಳಾಡಿಸಿದಳು. “ಹಿಂಗ ಕುಂತಿರ್ತಾನೇನು?”

ಉಪ್ಪಿಟ್ಟು ಆರುತ್ತದೆ ಎಂದೇನೋ ಅಂದೆ.

ನೀವು ಈಗ, ಎರಡರಲ್ಲಿ ಯಾವುದನ್ನು ಇಟ್ಟುಕೊಂಡಿರಿ ಎಂದು ಕೇಳುತ್ತೀರಿ. ಇಕ್ಬಾಲನೂ ಬಿಡದೆ ಕೇಳುತ್ತಾನೆ. ಹೊಸದು ಅವನ ಅಂಗಡಿಗೆ ವಾಪಸು ಹೋಗಿದೆ, ಹಳೆಯದು ನಮ್ಮ ಅಕ್ಕಿಯ ಡಬ್ಬಿಯಲ್ಲಿದೆ, ನಾನು ಇನ್ನೂ ವಿಚಾರ ಮಾಡುತ್ತಿದ್ದೇನೆ. ಹೊಸದು ಕೆಟ್ಟದ್ದೆಂದು ನಾನು ಹೇಳಲಾರೆ. ಮೆನು ಓದದವನಿಗೆ ಯಾವ ಯಂತ್ರವೂ ಒಳ್ಳೆಯದಲ್ಲ. ಎಮ್ಮೆಗಳಿಗೆ ಅದೇ ವಾಸಿ. ಮನುಷ್ಯರ ಮಾತು ಬಂದಾಗ ಮಾತ್ರ ಸ್ವಲ್ಪ ತಡವರಿಸುತ್ತೇನೆ.

ಮೊನ್ನೆ ಬೆಳಿಗ್ಗೆ ಮಾಸ್ತರರ ಆಕಳು ಮೇವು ಬಿಟ್ಟಿದೆ ಎಂದು ಕರೆ ಬಂತು. ಆಕಳಿಗೆ ಔಷಧಿ ಕುಡಿಸಿ, ಕೈ ತೊಳೆಯಲು ಪಡಸಾಲೆಗೆ ಬಂದರೆ ರಿಯಾಜ಼ು ನಡೆದಿತ್ತು. ನೀಲಕ್ಕ ತಂಬೂರಿ ಮೀಟುತ್ತ ಹಾಡುತ್ತಿದ್ದಳು, ಎದುರಿಗೆ ಮಾಸ್ತರರು. ನಾನು ಬೆರಗಾಗಿ ಅಲ್ಲೇ ನಿಂತೆ. ಅವಳ ಕಣ್ಣು ತೆರೆದೇ ಇತ್ತು. ಎವೆ ಬಡಿಯದೆ ಅಪ್ಪನ ಮುಖವನ್ನೇ ನೋಡುತ್ತ ಹಾಡುತ್ತಿದ್ದಳು. ಅವಳು ಮೇಲಿನ ಷಡ್ಜಕ್ಕೆ ಹೋದಳು, ಸ್ವರ ಒಂದು ಎಳೆ ಜಾರಿತು. ಜಾರಿದ್ದು ನನಗೂ ಗೊತ್ತಾಯಿತು.

“ಕಣ್ಣ ಮುಚ್ಚ ಬೇ ನೀಲಾ!” ಮಾಸ್ತರರು ತೊಡೆಗೆ ಪಟ್ಟೆಂದು ಹೊಡೆದರು. “ನನ್ನ ಮಾರಿ ಏನ ನೋಡ್ತಿ? ಸ್ವರ ಜಾರಾಕತ್ತೈತಿ!”

“ಜಾರ್ಲಿ ಬಿಡಪಾ. ಸ್ವರ ಮತ್ತ ಹಿಡ್ಯಾಕ ಬರ್ತೈತಿ,” ಎಂದಳು ನೀಲಕ್ಕ, ಮತ್ತು ಕಣ್ಣು ಮುಚ್ಚಲಿಲ್ಲ.